ಹಳೆಯ ಡಬ್ಬ ಏನನ್ನು ಹಿಡಿದಿತ್ತು

ಮೈಸೂರಿನಲ್ಲಿ ಲಾಜರಸ್ ಎಂಬ ಮೆಕ್ಯಾನಿಕ್ ಇದ್ದ. ವಯಸ್ಸು ಅರವತ್ತು ದಾಟಿತ್ತು. ಎಲ್ಲರೂ ಅವನನ್ನು ಮೇಸ್ತ್ರಿ ಎಂದೇ ಕರೆಯುತ್ತಿದ್ದರು. ಅವನ ಗ್ಯಾರೇಜಿಗೆ ಬೋರ್ಡು ಇರಲಿಲ್ಲ. ಬೇಕಾದವರು ಹುಡುಕಿಕೊಂಡು ಬರುತ್ತಿದ್ದರು.

ಬಿಳಿಗಿರಿ ಅವನ ಶಿಷ್ಯ. ಹನ್ನೊಂದು ವರ್ಷದಿಂದ ಅಲ್ಲೇ ಕೆಲಸ. ಮದುವೆಯಾಗಿ ಇಬ್ಬರು ಮಕ್ಕಳಿದ್ದರು. ಕೈ ಚುರುಕು. ಬಾಯಿ ಅದಕ್ಕಿಂತ ಚುರುಕು.

ಆ ಗ್ಯಾರೇಜಿನಲ್ಲಿ ಒಂದು ಪದ್ಧತಿ ಇತ್ತು. ಕಾರು ಬಿಚ್ಚುವ ಮೊದಲು ಮೇಸ್ತ್ರಿಯ ಹಳೆಯ ಬಿಳಿ ಪಂಚೆಯನ್ನು ಬೆಂಚಿನ ಮೇಲೆ ಹಾಸಬೇಕು. ಕಾರಿನಿಂದ ತೆಗೆದ ಪ್ರತಿಯೊಂದು ಬೋಲ್ಟು, ವಾಷರು, ರಬ್ಬರು ಆ ಪಂಚೆಯ ಮೇಲೆ ಸಾಲಾಗಿ ಕೂರಬೇಕು. ಕೆಲಸ ಮುಗಿಯುವ ಹೊತ್ತಿಗೆ ಪಂಚೆ ಬರಿದಾಗಬೇಕು. ಒಂದು ವಾಷರು ಉಳಿದರೂ ಬಾನೆಟ್ ಮುಚ್ಚುವಂತಿಲ್ಲ. ಪಂಚೆ ಬರಿದಾದ ಮೇಲೆ ಅದನ್ನು ಕೊಡವಿ ಗೋಡೆಯ ಮೊಳೆಗೆ ನೇತುಹಾಕಬೇಕು. ಮೊಳೆಯಲ್ಲಿ ಪಂಚೆ ಕಂಡರೆ ಮೇಸ್ತ್ರಿ ಕಾರನ್ನು ಕಳಿಸುತ್ತಿದ್ದ. ಕಾಣದಿದ್ದರೆ ಇಲ್ಲ.

ಮೂವತ್ತು ವರ್ಷದಲ್ಲಿ ಈ ಪದ್ಧತಿ ಒಮ್ಮೆಯೂ ಕೈಕೊಟ್ಟಿರಲಿಲ್ಲ.

ಒಂದು ಗುರುವಾರ ಬೆಳಿಗ್ಗೆ ದೇಚಮ್ಮ ಬಂದಳು. ಅವಳು ಹಲ್ಲಿನ ಡಾಕ್ಟರು. ಊರು ಕೊಡಗು. ಕಾರು ಓಡಿಸುವುದರಲ್ಲಿ ಗಟ್ಟಿಗಿತ್ತಿ. ಅವಳದು ಎರಡೇ ಸೀಟಿನ ಹಳದಿ ಸ್ಪೋರ್ಟ್ಸ್ ಕಾರು. ಪಕ್ಕದ ಸೀಟಿನಲ್ಲಿ ದೊಡ್ಡ ರಟ್ಟಿನ ಪೆಟ್ಟಿಗೆ ಇತ್ತು. ಅದಕ್ಕೆ ಸೀಟ್ ಬೆಲ್ಟ್ ಹಾಕಿದ್ದಳು.

"ಏನ್ ಡಾಕ್ಟ್ರಮ್ಮಾ, ಪೇಷೆಂಟನ್ನೂ ಕರ್ಕೊಂಡ್ ಬಂದಿದೀರಾ?" ಬಿಳಿಗಿರಿ ಕೇಳಿದ.

"ಏರ್ ಇನ್‌ಟೇಕ್. ಹುಷಾರಾಗಿ ಎತ್ತು. ಎರಡು ತಿಂಗಳು ಕಾದು ತರಿಸಿದೀನಿ."

ಏರ್ ಇನ್‌ಟೇಕ್ ಎಂದರೆ ಎಂಜಿನ್ ಉಸಿರೆಳೆಯುವ ದಾರಿ. ಕಾರು ತಯಾರಿಸುವವರು ಅಲ್ಲಿ ಮುಚ್ಚಿದ ಪ್ಲಾಸ್ಟಿಕ್ ಡಬ್ಬವೊಂದನ್ನು ಇಟ್ಟಿರುತ್ತಾರೆ. ಅದರೊಳಗಿನ ಫಿಲ್ಟರು ಗಾಳಿಯ ಧೂಳನ್ನು ಸೋಸುತ್ತದೆ. ಓಟದ ಹುಚ್ಚಿನವರು ಆ ಡಬ್ಬವನ್ನು ತೆಗೆಸಿ, ಅಗಲವಾದ ಪೈಪನ್ನೂ ದೊಡ್ಡ ತೆರೆದ ಫಿಲ್ಟರನ್ನೂ ಹಾಕಿಸುತ್ತಾರೆ. ಎಂಜಿನ್ ಸಲೀಸಾಗಿ ಉಸಿರಾಡುತ್ತದೆ. ಶಕ್ತಿ ಸ್ವಲ್ಪ ಹೆಚ್ಚುತ್ತದೆ. ಸದ್ದು ಬಹಳ ಹೆಚ್ಚುತ್ತದೆ.

ಬಿಳಿಗಿರಿ ಪೆಟ್ಟಿಗೆಯ ಮೇಲಿದ್ದುದನ್ನು ಓದಿದ. "ಮೇಸ್ತ್ರಿ, ಹತ್ತು ಕುದುರೆ ಶಕ್ತಿ ಜಾಸ್ತಿ ಅಂತೆ."

"ಹುಲ್ಲು ಯಾರು ಹಾಕ್ತಾರೆ?" ಎಂದ ಮೇಸ್ತ್ರಿ.

"ತಮಾಷೆ ಬೇಡ ಮೇಸ್ತ್ರಿ," ಎಂದಳು ದೇಚಮ್ಮ. "ಶನಿವಾರ ನನ್ನ ಆಯ್ಕೆ ಓಟ ಇದೆ."

ವಿಷಯ ಇಷ್ಟು. ಮೈಸೂರಿನಿಂದ ಒಂದು ಗಂಟೆ ದೂರದಲ್ಲಿ, ಬಳಕೆ ತಪ್ಪಿದ ಹಳೆಯ ವಿಮಾನ ನಿಲ್ದಾಣದ ರನ್‌ವೇ ಒಂದಿತ್ತು. ಒಂದು ರೇಸ್ ತಂಡದವರು ಅಲ್ಲಿ ಒಬ್ಬರು ಚಾಲಕರನ್ನು ಆರಿಸಲಿದ್ದರು. ತಂಡದಲ್ಲಿ ಇದ್ದದ್ದು ಒಂದೇ ಜಾಗ. ತಮ್ಮ ಕಾರನ್ನು ತಾವೇ ತರಬೇಕು. ಎಲ್ಲರಿಗಿಂತ ಕಡಿಮೆ ಹೊತ್ತಿನಲ್ಲಿ ಒಂದು ಕಿಲೋಮೀಟರ್ ಓಡಿಸಿ, ಕೊನೆಯಲ್ಲಿ ಸುಣ್ಣದಲ್ಲಿ ಬರೆದ ಚೌಕದೊಳಗೆ ನಿಲ್ಲಿಸಬೇಕು. ಚೌಕದ ಆಚೆ ಮರಳು ಮೂಟೆಗಳು. ಅದರಾಚೆ ಕಲ್ಲಿನ ಗೋಡೆ. ಒಬ್ಬೊಬ್ಬರಿಗೆ ಎರಡು ಓಟ. ಒಮ್ಮೆ ಸಾಲಿನಲ್ಲಿ ನಿಂತ ಮೇಲೆ ಸಾಲು ಬಿಟ್ಟು ಹೋದರೆ ಸರದಿ ಹೋಯಿತು.

"ಹೋದ ವರ್ಷ ಅರ್ಧ ಸೆಕೆಂಡಲ್ಲಿ ಹೋಯ್ತು ಮೇಸ್ತ್ರಿ. ಒಂದು ಸೀನೋಕೂ ಅದಕ್ಕಿಂತ ಜಾಸ್ತಿ ಹೊತ್ತು ಬೇಕು."

"ಮುಂದಿನ ವರ್ಷ ನೋಡಿದ್ರಾಯ್ತು."

"ಮೂವತ್ತು ವರ್ಷದ ಒಳಗಿನವರಿಗೆ ಮಾತ್ರ. ನನಗೆ ಬರೋ ತಿಂಗಳು ಮೂವತ್ತು ತುಂಬುತ್ತೆ. ಇದೇ ಕೊನೆ."

ಮೇಸ್ತ್ರಿ ಪೆಟ್ಟಿಗೆಯನ್ನು ನೋಡಿದ. ಕಾರನ್ನು ನೋಡಿದ.

"ಕೆಟ್ಟಿದ್ದನ್ನ ರಿಪೇರಿ ಮಾಡ್ತೀವಿ. ಚೆನ್ನಾಗಿರೋದನ್ನ ಬಿಚ್ಚಿ ಅಭ್ಯಾಸ ಇಲ್ಲ."

"ನಾನ್ ಮಾಡ್ತೀನಿ ಮೇಸ್ತ್ರಿ," ಎಂದ ಬಿಳಿಗಿರಿ. "ಎರಡು ಗಂಟೆ ಕೆಲಸ. ಹೇಗೆ ಹಾಕಬೇಕು ಅಂತ ಒಳಗೆ ಚಿತ್ರ ಸಮೇತ ಹಾಳೆ ಕೊಟ್ಟಿರ್ತಾರೆ."

"ಸರಿ. ನಿನ್ನ ಕೆಲಸ, ನಿನ್ನ ಜವಾಬ್ದಾರಿ."

ಶುಕ್ರವಾರ ಬಿಳಿಗಿರಿ ಬಾನೆಟ್ ಎತ್ತಿದ. ಪಂಚೆ ಹಾಸಿದ. ಬ್ಯಾಟರಿಯ ವೈರು ಬಿಚ್ಚಿದ. ಪೈಪಿನ ಪಟ್ಟಿ ಸಡಿಲಿಸಿದ. ಮೂರು ಬೋಲ್ಟು ತೆಗೆದ. ಡಬ್ಬವನ್ನು ಮೇಲಕ್ಕೆ ಎಳೆದ. ಅದು ಬರಲಿಲ್ಲ. ಕೆಳಗಡೆ ಏನೋ ಹಿಡಿದುಕೊಂಡಿತ್ತು. ಅಲ್ಲಿಗೆ ಕಣ್ಣು ಹೋಗುವಂತಿರಲಿಲ್ಲ. ಕೈ ಇಳಿಸಿ ತಡಕಿದ. ಬೆರಳಿಗೆ ಸಿಕ್ಕಿದ್ದನ್ನು ಒತ್ತಿ ಬಿಡಿಸಿದ. ಟಪ್ ಎಂದಿತು. ಡಬ್ಬ ಮೇಲೆ ಬಂತು. ಪಂಚೆಯ ಮೇಲೆ ಇಟ್ಟ.

ನಂತರದ ಕೆಲಸ ಸಲೀಸು. ಹಾಳೆಯಲ್ಲಿ ತೋರಿಸಿದಂತೆ ಹೊಸ ಪೈಪು ಕೂರಿಸಿದ. ಫಿಲ್ಟರು ಸಿಕ್ಕಿಸಿದ. ಪಟ್ಟಿಗಳನ್ನು ಬಿಗಿ ಮಾಡಿದ. ಪ್ರತಿಯೊಂದನ್ನೂ ಎರಡೆರಡು ಸಲ ಅಲುಗಾಡಿಸಿ ನೋಡಿದ. ಯಾವುದೂ ಅಲುಗಲಿಲ್ಲ. ಎಂಜಿನ್ ಶುರು ಮಾಡಿ ಐದು ನಿಮಿಷ ಬಿಟ್ಟ. ಒಮ್ಮೆ ಆಕ್ಸಿಲರೇಟರ್ ಜೋರಾಗಿ ಒತ್ತಿದ. ಪಕ್ಕದ ವೆಲ್ಡಿಂಗ್ ಅಂಗಡಿಯವನು ಕನ್ನಡಕ ಹಣೆಗೇರಿಸಿಕೊಂಡು ಓಡಿಬಂದ.

"ಏನ್ ಬಿಳಿಗಿರಿ, ಹುಲಿ ತಂದಿದೀಯಾ?"

"ನಿಮ್ಮ ಬಿಳಿಗಿರಿ ಕೈಗೆ ಬಂದ್ರೆ ಬೆಕ್ಕೂ ಹುಲಿಯೇ ಕಣಣ್ಣ."

ಬಾನೆಟ್ ಮುಚ್ಚಲು ಕೈ ಹಾಕಿದವನು ಬೆಂಚಿನ ಕಡೆ ತಿರುಗಿದ. ಕೈ ನಿಂತಿತು.

ಪಂಚೆ ಬರಿದಾಗಿರಲಿಲ್ಲ. ಹಳೆಯ ಡಬ್ಬ ಇತ್ತು. ಅದರ ಮುಚ್ಚಳ ಇತ್ತು. ಹಳೆಯ ಫಿಲ್ಟರು, ಸೊಟ್ಟ ಪೈಪು, ಮೂರು ಬೋಲ್ಟು, ಹಿಡಿಯಷ್ಟು ರಬ್ಬರು. ಹನ್ನೊಂದು ವರ್ಷದಲ್ಲಿ ಕೆಲಸ ಮುಗಿದ ಮೇಲೂ ಪಂಚೆ ತುಂಬಿದ್ದು ಅದೇ ಮೊದಲು.

ಬಿಳಿಗಿರಿ ತಲೆ ಕೆರೆದುಕೊಂಡ. ಹಾಳೆ ತೆಗೆದು ಓದಿದ. ಹಳೆಯ ಸಾಮಾನುಗಳನ್ನು ಎತ್ತಿಡಿ ಎಂದು ಕೊನೆಯಲ್ಲಿ ಬರೆದಿತ್ತು. ಅವನಿಗೆ ನೆಮ್ಮದಿಯಾಯಿತು. ಎಲ್ಲವನ್ನೂ ಬಾಚಿ ರಟ್ಟಿನ ಪೆಟ್ಟಿಗೆಗೆ ತುಂಬಿದ. ಪಂಚೆ ಬರಿದಾಯಿತು. ಕೊಡವಿ ಮೊಳೆಗೆ ಹಾಕಿದ. ಬಾನೆಟ್ ಮುಚ್ಚಿದ.

ಮೇಸ್ತ್ರಿ ಟೀ ಕುಡಿದು ಬಂದ. ಮೊಳೆಯಲ್ಲಿ ಪಂಚೆ ಕಂಡಿತು.

"ಆಯ್ತಾ?"

"ಆಯ್ತು ಮೇಸ್ತ್ರಿ."

"ಕಳಿಸು."

ಶನಿವಾರ ಬೆಳಿಗ್ಗೆ ಏಳಕ್ಕೆ ದೇಚಮ್ಮ ಹೊರಟಳು. ಕಾರು ಚೆನ್ನಾಗಿ ಓಡುತ್ತಿದೆ ಎಂದು ದಾರಿಯಲ್ಲಿ ನಿಲ್ಲಿಸಿ ಬಿಳಿಗಿರಿಗೆ ಸಂದೇಶ ಕಳಿಸಿದಳು. ಬಿಳಿಗಿರಿ ಅದನ್ನು ವೆಲ್ಡಿಂಗ್ ಅಂಗಡಿಯವನಿಗೆ ತೋರಿಸಿದ. ಆಮೇಲೆ ಮೇಸ್ತ್ರಿಗೂ ತೋರಿಸಿದ.

ಒಂಬತ್ತು ಗಂಟೆಗೆ ಮೇಸ್ತ್ರಿ ಬೆಂಚು ಖಾಲಿ ಮಾಡುತ್ತಿದ್ದ. ರಟ್ಟಿನ ಪೆಟ್ಟಿಗೆ ಅಡ್ಡ ಬಂತು. ಅಟ್ಟಕ್ಕೆ ಹಾಕೋಣವೆಂದು ಎತ್ತಿದ. ತಳ ಹರಿಯಿತು. ಹಳೆಯ ಡಬ್ಬ ಮಗುಚಿಕೊಂಡು ಬೆಂಚಿನ ಮೇಲೆ ಬಿತ್ತು.

ಡಬ್ಬದ ಅಡಿ ಮೇಲಾಗಿತ್ತು. ಅಲ್ಲಿ ಒಂದು ಪ್ಲಾಸ್ಟಿಕ್ ಕ್ಲಿಪ್ಪು ಇತ್ತು. ಬಾಯಿ ತೆರೆದ ಇಕ್ಕಳದಂತೆ ಕಾಣುತ್ತಿತ್ತು. ಮೇಸ್ತ್ರಿ ಬೆರಳು ತೂರಿಸಿ ನೋಡಿದ. ಒಳಗಡೆ ತೇದು ನುಣುಪಾಗಿತ್ತು. ಬೆರಳಿಗೆ ರಬ್ಬರಿನ ಕಪ್ಪು ಅಂಟಿತು.

"ಬಿಳಿಗಿರಿ, ಇಲ್ಲಿ ಬಾ. ಇದು ಏನನ್ನ ಹಿಡಿದಿತ್ತು?"

ಬಿಳಿಗಿರಿ ನೋಡಿದ. ಟಪ್ ಎಂದ ಸದ್ದು ನೆನಪಾಯಿತು. ಅದಕ್ಕಿಂತ ಹೆಚ್ಚಿಗೆ ಏನೂ ನೆನಪಾಗಲಿಲ್ಲ.

"ಯಾವುದೋ ವೈರಿರಬೇಕು ಮೇಸ್ತ್ರಿ."

"ಇರಬೇಕಾ, ಇತ್ತಾ?"

"ಕೈಯಲ್ಲಿ ಬಿಡಿಸಿದ್ದು. ಕಣ್ಣಲ್ಲಿ ನೋಡಲಿಲ್ಲ."

"ಈಗ ಅದನ್ನ ಯಾರು ಹಿಡ್ಕೊಂಡಿದಾರೆ?"

ಬಿಳಿಗಿರಿ ಹಾಳೆ ತಂದು ಚಿತ್ರಗಳನ್ನು ಒಂದೊಂದಾಗಿ ನೋಡಿದ. ಆ ಕ್ಲಿಪ್ಪು ಯಾವ ಚಿತ್ರದಲ್ಲೂ ಇರಲಿಲ್ಲ. ಆ ಹಾಳೆ ಬೇರೆ ದೇಶದಲ್ಲಿ ಮಾರುವ ಅದೇ ಕಾರಿಗೆ ಬರೆದದ್ದು. ಅಲ್ಲಿ ಸ್ಟೇರಿಂಗು ಎಡಕ್ಕೆ. ಪೈಪುಗಳ ದಾರಿ ಬೇರೆ.

"ಫೋನ್ ಮಾಡಿದ್ರೆ ಅವರು ಸಾಲು ಬಿಡಬೇಕಾಗುತ್ತೆ ಮೇಸ್ತ್ರಿ. ಇದೇ ಅವರಿಗೆ ಕೊನೇ ಸಲ. ಬಾನೆಟ್ ತೆಗೆದು ನೋಡಿ, ಏನೂ ಇಲ್ಲ ಅಂದ್ರೆ?"

"ಬೈತಾರೆ."

"ಬರೀ ಬೈಯೋದಾ? ಜನ್ಮಪೂರ್ತಿ ನಮ್ಮ ಮುಖ ನೋಡಲ್ಲ."

"ನಾನು ಫೋನ್ ಮಾಡಲ್ಲ," ಎಂದ ಮೇಸ್ತ್ರಿ. "ನಿನ್ನ ಕೆಲಸ. ನೀನೇ ಯೋಚನೆ ಮಾಡು. ಬೇಗ ಮಾಡು."

ಬಿಳಿಗಿರಿ ಕ್ಲಿಪ್ಪಿನಲ್ಲಿ ಮತ್ತೊಮ್ಮೆ ಬೆರಳಿಟ್ಟ. ತಾನು ಎಲ್ಲವನ್ನೂ ಎರಡೆರಡು ಸಲ ಅಲುಗಾಡಿಸಿ ನೋಡಿದ್ದು ನೆನಪಾಯಿತು. ಅಲುಗಾಡಿಸಿದ್ದು ಹೊಸದಾಗಿ ಹಾಕಿದ್ದನ್ನು ಮಾತ್ರ. ಫೋನ್ ತೆಗೆದ.

ದೇಚಮ್ಮ ಎತ್ತಿದಳು. ಹಿಂದೆ ಎಂಜಿನ್‌ಗಳ ಆರ್ಭಟ ಕೇಳುತ್ತಿತ್ತು.

"ಬೇಗ ಹೇಳು ಬಿಳಿಗಿರಿ. ನನ್ನ ಮುಂದೆ ಮೂರೇ ಕಾರು."

"ಸಾಲಿಂದ ಈಚೆ ಬನ್ನಿ ಡಾಕ್ಟ್ರಮ್ಮಾ. ಬಾನೆಟ್ ತೆಗೀರಿ."

"ಏನಾಗಿದೆ?"

"ಗೊತ್ತಿಲ್ಲ."

"ಗೊತ್ತಿಲ್ವಾ?"

"ಹಳೇ ಡಬ್ಬ ಏನನ್ನೋ ಹಿಡಿದಿತ್ತು. ನಾನು ಅದನ್ನ ಬಿಡಿಸಿ ಹಾಗೇ ಬಿಟ್ಟಿದೀನಿ. ಏನು ಅಂತ ನೋಡಿರಲಿಲ್ಲ. ತಪ್ಪು ನಂದು."

"ಸಾಲು ಬಿಟ್ರೆ ನನ್ನ ಕಥೆ ಮುಗೀತು. ಅದು ಗೊತ್ತಾ?"

"ಗೊತ್ತು."

"ತೆಗೆದು ನೋಡಿ ಏನೂ ಇಲ್ದಿದ್ರೆ?"

"ನನ್ನ ಅಷ್ಟೂ ಹಲ್ಲು ಕಿತ್ಬಿಡಿ. ಇಂಜೆಕ್ಷನ್ ಬೇಡ."

ಅವಳು ನಗಲಿಲ್ಲ. ಮುಂದಿನ ಕಾರು ಓಡಿಹೋದ ಸದ್ದು ಬಂತು. ಈಗ ಅವಳ ಮುಂದೆ ಎರಡು ಉಳಿದವು. ಆ ಫಿಲ್ಟರಿಗಾಗಿ ಎರಡು ತಿಂಗಳು ಕಾದಿದ್ದಳು. ಆ ಜಾಗಕ್ಕಾಗಿ ಐದು ವರ್ಷ. ಬಿಳಿಗಿರಿ ಮಾತಾಡುವಾಗ ಯಾವತ್ತೂ ಜಂಬ ಇರುತ್ತಿತ್ತು. ಇವತ್ತು ಇರಲಿಲ್ಲ. ಅವಳು ಅದನ್ನು ಗಮನಿಸಿದಳು.

ಸ್ಟೇರಿಂಗ್ ತಿರುಗಿಸಿ ಸಾಲಿನಿಂದ ಹೊರಬಂದಳು. ಬಾವುಟ ಹಿಡಿದು ನಿಂತಿದ್ದವನು ಪಟ್ಟಿಯಲ್ಲಿ ಅವಳ ನಂಬರಿನ ಮೇಲೆ ಗೆರೆ ಎಳೆದ.

ಬಾನೆಟ್ ಎತ್ತಿದೊಡನೆ ರಬ್ಬರು ಸುಟ್ಟ ವಾಸನೆ ಬಂತು. ಹೆಬ್ಬೆರಳು ದಪ್ಪದ ಕಪ್ಪು ಪೈಪೊಂದು ಜೋತುಬಿದ್ದಿತ್ತು. ಅದರ ನಡುಭಾಗ ಎಂಜಿನ್ನಿನಿಂದ ಹೊಗೆ ಹೊರಡುವ ಕಬ್ಬಿಣದ ಕೊಳವೆಗೆ ಅಂಟಿಕೊಂಡಿತ್ತು. ಏನೆಂದು ಅವಳಿಗೆ ತಿಳಿಯಲಿಲ್ಲ. ಫೋಟೊ ತೆಗೆದು ಕಳಿಸಿದಳು.

ಬಿಳಿಗಿರಿ ಫೋಟೊ ನೋಡಿ ಫೋನನ್ನು ಮೇಸ್ತ್ರಿಯ ಮುಂದೆ ಹಿಡಿದ.

"ಬ್ರೇಕಿನ ಪೈಪು ಮೇಸ್ತ್ರಿ."

ಬ್ರೇಕ್ ಪೆಡಲನ್ನು ಕಾಲಿನಲ್ಲಿ ಮೆಲ್ಲಗೆ ಒತ್ತಿದರೂ ಕಾರು ನಿಲ್ಲುತ್ತದಲ್ಲ, ಅದಕ್ಕೆ ಎಂಜಿನ್ನಿನ ನೆರವು ಇರುತ್ತದೆ. ಆ ನೆರವು ಬರುವುದು ಈ ಪೈಪಿನಲ್ಲಿ. ಇದು ತೂತಾದರೆ ಪೆಡಲು ಕಲ್ಲಿನಂತಾಗುತ್ತದೆ. ಎಷ್ಟು ತುಳಿದರೂ ಸಾಲದು. ತಣ್ಣಗಿದ್ದಾಗ ರಬ್ಬರು ಬಿರುಸಾಗಿರುತ್ತದೆ. ಹಾಗಾಗಿ ಗ್ಯಾರೇಜಿನಲ್ಲಿ ಅದು ತನ್ನ ಜಾಗದಲ್ಲೇ ನೆಟ್ಟಗೆ ನಿಂತಿತ್ತು. ಒಂದು ಗಂಟೆ ಓಡಿದ ಮೇಲೆ ಕಾದು ಮೆತ್ತಗಾಯಿತು. ಹಿಡಿಯುವವರಿಲ್ಲದೆ ಬಾಗಿತು.

ಮೇಸ್ತ್ರಿ ಗ್ಯಾರೇಜಿನಲ್ಲಿ ಅಂಥದ್ದೇ ಹೊಸ ಬ್ರೇಕ್ ಪೈಪು ಹುಡುಕಿ ತೆಗೆದ. ಪಂಚೆಯಲ್ಲಿ ಹಳೆಯ ಡಬ್ಬವನ್ನೂ ಉಳಿದ ಸಾಮಾನನ್ನೂ ಗಂಟು ಕಟ್ಟಿದ. ಇಬ್ಬರೂ ಬಿಳಿಗಿರಿಯ ಬೈಕು ಹತ್ತಿದರು. ಮೇಸ್ತ್ರಿ ಹಿಂದೆ ಕೂತ. ಮಡಿಲಲ್ಲಿ ಗಂಟು, ಕೊರಳಲ್ಲಿ ಪೈಪು.

ಅವರು ತಲುಪಿದಾಗ ಹತ್ತೂವರೆ. ಓಟ ಇನ್ನೂ ನಡೆದಿತ್ತು. ದೇಚಮ್ಮ ಹಳೆಯ ಟೈರೊಂದರ ಮೇಲೆ ಕೂತಿದ್ದಳು. ಹೆಲ್ಮೆಟ್ ಕಾಲ ಬಳಿ ಇತ್ತು.

ಎಂಜಿನ್ ಅಷ್ಟರಲ್ಲಿ ತಣ್ಣಗಾಗಿತ್ತು. ಬಿಳಿಗಿರಿ ಅಂಟಿದ ಪೈಪನ್ನು ಮೆಲ್ಲಗೆ ಎಬ್ಬಿಸಿ ಬಿಡಿಸಿಕೊಂಡ. ಅವಳು ಕೈ ಚಾಚಿದಳು. ಕೊಟ್ಟ. ಹೊರಗಿನಿಂದ ನೋಡಲು ಪೈಪು ಇನ್ನೂ ತೂತಾಗಿರಲಿಲ್ಲ. ಸುಟ್ಟ ಜಾಗವನ್ನು ಅವಳು ಹೆಬ್ಬೆರಳಿನಿಂದ ಒತ್ತಿದಳು. ಹೆಬ್ಬೆರಳು ಒಳಗೆ ಹೋಯಿತು.

ಪೈಪನ್ನು ಬಿಳಿಗಿರಿಯ ಮುಂದೆ ಹಿಡಿದಳು.

"ಮೊದಲನೇ ಓಟಕ್ಕೆ ತಡೀತಿತ್ತಾ?"

"ತಡೀತಿತ್ತೋ ಏನೋ," ಎಂದ ಬಿಳಿಗಿರಿ.

"ಎರಡನೇದಕ್ಕೆ?"

ಬಿಳಿಗಿರಿ ರನ್‌ವೇಯ ಕೊನೆಯತ್ತ ನೋಡಿದ. ಸುಣ್ಣದ ಚೌಕ, ಮರಳು ಮೂಟೆ, ಗೋಡೆ.

"ಬೈಯಿರಿ ಡಾಕ್ಟ್ರೇ," ಎಂದ ಮೇಸ್ತ್ರಿ. "ಅವನಿಗೆ ಅರ್ಧ, ನನಗೆ ಅರ್ಧ. ಪಂಚೆ ಬರಿದಾಗಬೇಕು ಅಂತ ಹನ್ನೊಂದು ವರ್ಷ ಹೇಳಿದೆ. ಯಾಕೆ ಅಂತ ಒಂದು ದಿನವೂ ಹೇಳಲಿಲ್ಲ. ಬರೀ ಪಂಚೆ ನೋಡಿ ನಾನೂ ಕಾರು ಕಳಿಸಿದೆ."

"ಆಮೇಲೆ ಬೈತೀನಿ," ಎಂದಳು ದೇಚಮ್ಮ. "ಈಗ ಶಕ್ತಿ ಇಲ್ಲ."

ಬಿಳಿಗಿರಿ ಹೊಸ ಬ್ರೇಕ್ ಪೈಪು ಹಾಕಿದ. ಹಳೆಯ ಡಬ್ಬದಿಂದ ಕ್ಲಿಪ್ಪನ್ನು ಬಿಡಿಸಿ ಎಂಜಿನ್ ಪಕ್ಕದ ತಗಡಿಗೆ ಬೋಲ್ಟು ಹಾಕಿ ಕೂರಿಸಿದ. ಪೈಪನ್ನು ಅದರೊಳಗೆ ಒತ್ತಿದ. ಈ ಸಲ ಟಾರ್ಚ್ ಹಿಡಿದು ಕಣ್ಣಾರೆ ನೋಡಿದ.

"ಹಳೇ ಡಬ್ಬಾನೇ ವಾಪಸ್ ಹಾಕ್ಬಿಡ್ಲಾ?" ಎಂದು ಕೇಳಿದ.

"ಯಾಕೆ? ಹೊಸದು ಏನ್ ತಪ್ಪು ಮಾಡ್ತು?" ಎಂದಳು ಅವಳು. "ಇರಲಿ. ಚೆನ್ನಾಗಿ ಓಡ್ತಿದೆ."

"ಹಾಗಿದ್ರೆ ಇದೂ ಮುಗೀಲಿ," ಎಂದು ಮೇಸ್ತ್ರಿ ನೆಲದ ಮೇಲೆ ಪಂಚೆಯ ಗಂಟು ಬಿಚ್ಚಿದ. "ಒಂದು ಕ್ಲಿಪ್ಪು ಬಿಟ್ಟುಹೋಗಿತ್ತು. ಇನ್ನೇನು ಬಿಟ್ಟುಹೋಗಿದೆಯೋ. ಒಂದೊಂದೂ ಕಾರಲ್ಲಿ ಏನ್ ಮಾಡ್ತಿತ್ತು, ಈಗ ಆ ಕೆಲಸ ಯಾರು ಮಾಡ್ತಾರೆ, ಹೇಳು. ಹೇಳಕ್ಕಾಗದೇ ಇದ್ರೆ ಕಾರು ಇಲ್ಲಿಂದ ಅಲ್ಲಾಡೋ ಹಾಗಿಲ್ಲ."

ದೇಚಮ್ಮ ಟೈರಿನಿಂದ ಇಳಿದು ಪಂಚೆಯ ಪಕ್ಕ ಕೂತಳು. ಒಂದು ಸಾಮಾನು ಎತ್ತಿ ತೋರಿಸಿದಳು.

"ಇದು?"

"ಮುಚ್ಚಳ. ಫಿಲ್ಟರ್ ಮೇಲೆ ಧೂಳು ಕೂರದ ಹಾಗೆ ನೋಡ್ಕೋತಿತ್ತು. ಹೊಸ ಫಿಲ್ಟರಿಗೆ ಮುಚ್ಚಳ ಇಲ್ಲ. ಅದಕ್ಕೇ ತಿಂಗಳಿಗೊಮ್ಮೆ ತೊಳೀಬೇಕು."

"ನನಗೆ ಇದನ್ನ ಯಾರೂ ಹೇಳಿರಲಿಲ್ಲ."

"ನನಗೂ ಈಗಲೇ ಹೊಳೆದಿದ್ದು."

"ಇದು?"

"ರಬ್ಬರ್ ಬುಷ್ಷು. ಡಬ್ಬ ಅದುರದ ಹಾಗೆ. ಹೊಸ ಇನ್‌ಟೇಕ್ ಪೈಪಿಗೂ ಅಂಥದ್ದೇ ಇದೆ."

"ಪಕ್ಕಾ?" ಎಂದ ಮೇಸ್ತ್ರಿ.

ಬಿಳಿಗಿರಿ ಎದ್ದುಹೋಗಿ ಟಾರ್ಚ್ ಹಾಕಿ ನೋಡಿ ಬಂದ. "ಪಕ್ಕಾ."

ಹೀಗೆ ಏಳೆಂಟು ಸಾಮಾನು ಆದವು. ಅಷ್ಟರಲ್ಲಿ ರನ್‌ವೇ ಮೌನವಾಯಿತು. ಕೊನೆಯ ಕಾರು ಓಡಿ ಮುಗಿದಿತ್ತು. ಮೈಕಿನಲ್ಲಿ ಒಬ್ಬ ಕೆಮ್ಮಿ ಗಂಟಲು ಸರಿಮಾಡಿಕೊಂಡ. ಈ ವರ್ಷ ಆಯ್ಕೆಯಾದವರು ಎಂದು ಒಂದು ಹೆಸರು ಹೇಳಿದ. ಯಾರೋ ಚಪ್ಪಾಳೆ ತಟ್ಟಿದರು. ಒಂದು ಕಾರು ಉದ್ದಕ್ಕೂ ಹಾರನ್ ಹೊಡೆಯಿತು.

ದೇಚಮ್ಮನ ಕೈ ಪಂಚೆಯ ಮೇಲೆ ನಿಂತಿತು. ಬಿಳಿಗಿರಿ ತಲೆ ತಗ್ಗಿಸಿದ. ಮೇಸ್ತ್ರಿ ಎತ್ತಲೋ ನೋಡಿದ.

ಹಾರನ್ ನಿಂತ ಮೇಲೆ ಅವಳು ಮುಂದಿನ ಬೋಲ್ಟನ್ನು ಎತ್ತಿ ಹಿಡಿದಳು.

"ಇದು?"

ನೀತಿ: ಹಳೆಯದನ್ನು ತೆಗೆದು ಹೊಸದನ್ನು ಹಾಕುವುದು ತಪ್ಪಲ್ಲ. ಆದರೆ ಹಳೆಯದು ಏನೇನು ಹಿಡಿದಿತ್ತು ಎಂದು ನೋಡಿಕೊಂಡು ತೆಗೆಯಿರಿ. ನೋಡದೆ ತೆಗೆದಿದ್ದರೆ, ನೋಡಿಲ್ಲ ಎಂದು ಕೂಡಲೇ ಹೇಳಿ. ಬೈಸಿಕೊಂಡರೂ ಚಿಂತೆಯಿಲ್ಲ.